ಒಂದೇ ನಂಬರಿನ ಫ್ಯಾಕ್ಟರಿ

ನನ್ನ ಭಾವ ಕಂಪ್ಯೂಟರ್ ತಜ್ಞರಾದದ್ದು ಮೊಣಕಾಲಿನಿಂದ. ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ, ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ. ನಮ್ಮ ಹಾಸಿಗೆ ಫ್ಯಾಕ್ಟರಿಯ ಯಜಮಾನರ ಕಂಪ್ಯೂಟರು ಒಂದು ಬೆಳಿಗ್ಗೆ ಕಪ್ಪು ಮುಖ ಮಾಡಿಕೊಂಡು ಕೂತುಬಿಟ್ಟಿತು. ಓದಿದವರೆಲ್ಲ ಸಾವಿನ ಮನೆಗೆ ಬಂದವರ ಹಾಗೆ ಅದರ ಸುತ್ತ ಕೈಕಟ್ಟಿ ನಿಂತರು. ಲೆಕ್ಕದ ಮೇಡಂ "ಮದರ್‌ಬೋರ್ಡು" ಅಂದರು. ಹಾಸಿಗೆ ಬಟ್ಟೆಯ ಮೇಲಿನ ಹೂವು ಬಿಡಿಸುವ ಹುಡುಗ, ನಮ್ಮ ಬಾಯಲ್ಲಿ ಕನ್ನಡಕ, "ವೈರಸ್ಸು" ಅಂದ. ನಾನೂ ಭಾವನೂ ಮೇಜಿನ ಕೆಳಗಿದ್ದ ಹಳೆಯ ಸ್ಯಾಂಪಲ್ ಹಾಸಿಗೆ ಎಳೆಯಲು ಹೋಗಿದ್ದೆವು. ಭಾವನ ಮೊಣಕಾಲು ಪ್ಲಗ್ಗಿಗೆ ಬಡಿಯಿತು. ಸಡಿಲವಾಗಿದ್ದ ಪ್ಲಗ್ಗು ಒಳಗೆ ಹೋಯಿತು. ಕಂಪ್ಯೂಟರು ಟಿಂಗ್ ಅಂದಿತು.

ಭಾವ ಆಗ ಹೇಳಬೇಕಾಗಿದ್ದ ಮಾತು, "ಪ್ಲಗ್ಗು ಸಡಿಲ ಇತ್ತು ಸಾರ್."

ಹೇಳಿದ್ದು, "ಒಳಗಡೆ ಸ್ವಲ್ಪ ಸೆಟ್ಟಿಂಗ್ ಹೋಗಿತ್ತು ಸಾರ್. ಕೂರಿಸಿದೀನಿ."

ಯಜಮಾನರು ಭಾವನನ್ನು ಮೇಲಿಂದ ಕೆಳಗೆ ನೋಡಿದರು. ಅವತ್ತಿನಿಂದ ನಮ್ಮ ಗ್ರಹಚಾರ ಶುರುವಾಯಿತು.

ಭಾವ ಆ ಫ್ಯಾಕ್ಟರಿಯ ಡಿಸ್ಪ್ಯಾಚ್ ವಿಭಾಗದ ಮೇಲ್ವಿಚಾರಕರು. ತಯಾರಾದ ಹಾಸಿಗೆಗಳನ್ನು ಲಾರಿಗೆ ಹತ್ತಿಸುವುದು, ಬಂದ ಸಾಮಾನು ಇಳಿಸುವುದು ಅವರ ಜವಾಬ್ದಾರಿ. ಆದರೆ ಹಂಗಾಮಿ. ಹಂಗಾಮಿ ಅಂದರೆ ಬೈಗುಳ ಪೂರ್ತಿ, ಕುರ್ಚಿ ಇಲ್ಲ. ನಾನು ಅವರ ಕೈಕೆಳಗೆ ಹಾಸಿಗೆ ಹೊರುವವನು. ಭಾಮೈದರಲ್ಲಿ ಎರಡು ಬಗೆ: ಮ್ಯಾನೇಜರ್ ಆಗುವವರು, ಹಾಸಿಗೆ ಹೊರುವವರು. ನಾನು ಎರಡನೆಯ ಬಗೆ. ಮೊದಲನೆಯ ಬಗೆಯವನೊಬ್ಬ ಯಜಮಾನರ ಹೆಂಡತಿಯ ತಮ್ಮನಾಗಿ ಹುಟ್ಟಿ ಎಲ್ಲೋ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾಯುತ್ತಿದ್ದ. ಅವನ ವಿಷಯ ಬಂದರೆ ನನಗೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಮ್ಮ ಫ್ಯಾಕ್ಟರಿ ನಡೆಯುತ್ತಿದ್ದದ್ದು ಕರೆಂಟಿನಿಂದಲ್ಲ, ಯಜಮಾನರ ಗಂಟಲಿನಿಂದ. ಮಹಡಿಯ ಕಟಾಂಜನ ಹಿಡಿದು ಅವರು "ಸ್ಟೋರ್!" ಎಂದರೆ ಸ್ಟೋರಿನ ಕದ ತಾನಾಗಿ ತೆರೆದುಕೊಳ್ಳುತ್ತಿತ್ತು. ಅಂಥ ಗಂಟಲು ಒಂದು ದಿನ ಹರಿದುಹೋಯಿತು. ಡಾಕ್ಟರು ಬೆಳಕು ಬಿಟ್ಟು ನೋಡಿ, "ಇನ್ನು ಕೆಲವು ತಿಂಗಳು ಕೂಗುವ ಹಾಗಿಲ್ಲ. ಕೂಗಿದರೆ ಆಮೇಲೆ ಪಿಸುಮಾತೂ ಬರಲ್ಲ" ಅಂದರು.

ಯಜಮಾನರು ಭಾವನನ್ನು ಕರೆದು ಪಿಸುಗುಟ್ಟಿದರು, "ಬೇರೆ ಫ್ಯಾಕ್ಟರಿಗಳಲ್ಲಿ ಕಂಪ್ಯೂಟರಲ್ಲೇ ಒಬ್ರಿಗೊಬ್ರು ಬರೆದು ಕಳಿಸ್ಕೋತಾರಂತೆ. 'ಕರೆಗಂಟೆ' ಅಂತ ಒಂದು ಸಾಫ್ಟ್‌ವೇರು. ಎಲ್ಲ ವಿಭಾಗಕ್ಕೂ ಹಾಕು."

"ಹಾಕ್ತೀನಿ ಸಾರ್," ಅಂತ ಭಾವನೂ ಪಿಸುಗುಟ್ಟಿದರು. ಅವರ ಗಂಟಲಿಗೇನೂ ಆಗಿರಲಿಲ್ಲ. ಆದರೆ ಎದುರಿಗಿರುವವರು ಪಿಸುಗುಟ್ಟಿದರೆ ನಾವೂ ಪಿಸುಗುಟ್ಟುವುದು ಮನುಷ್ಯನ ಹುಟ್ಟುಗುಣ.

"ನಡೆಸಿ ತೋರಿಸಿದ್ರೆ ಮ್ಯಾನೇಜರ್ ಕುರ್ಚಿ ನಿಂದು, ಕಾಯಂ. ಆಗ್ಲಿಲ್ವೋ, ನನ್ನ ಭಾಮೈದ ಬರ್ತಾನೆ."

ಭಾಮೈದ ಬಂದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಲೋಡಿಂಗ್ ಕೆಲಸವನ್ನು ಕಂಟ್ರಾಕ್ಟಿಗೆ ಕೊಡುತ್ತೇನೆಂದು ಅವನು ಬಾಯಿಬಿಟ್ಟು ಹೇಳಿದ್ದ. ಅಂದರೆ ಮೊದಲ ದಿನ ಭಾವ ಬೀದಿಗೆ, ಎರಡನೇ ದಿನ ನಾನು.

ಮನೆಗೆ ಬಂದು ಇದನ್ನು ಹೇಳಿದ್ದೇ ತಪ್ಪಾಯಿತು. ಅಕ್ಕ ತರಕಾರಿ ಹೆಚ್ಚುವುದನ್ನು ಅಲ್ಲಿಗೇ ಬಿಟ್ಟು ಹೊರಗೆ ಹೋದಳು. ಅವಳು ಹೊರಗೆ ಹೋದಳೆಂದರೆ ಸುದ್ದಿ ಪೇಪರಿನಲ್ಲಿ ಬಂತೆಂದೇ ಅರ್ಥ.

"ನಮ್ಮನೆಯವರು ಕಂಪ್ಯೂಟರ್ ಇಂಜಿನಿಯರ್ ಆದ್ರು ಕಣ್ರೀ. ಓದದೆ!"

ಒಂದು ಗಂಟೆಯೊಳಗೆ ನಮ್ಮ ಬಾಗಿಲಲ್ಲಿ ಸಂತೆ ನೆರೆಯಿತು. ಪಕ್ಕದ ಮನೆಯಾಕೆ ಸತ್ತ ಮಿಕ್ಸಿ ತಂದರು. ಎದುರು ಮನೆಯ ನಿವೃತ್ತ ಮೇಷ್ಟ್ರು ರಿಮೋಟು ತಂದರು; ಟಿವಿ ತಂದಿರಲಿಲ್ಲ. ಇಸ್ತ್ರಿಯವನು ಇಸ್ತ್ರಿಪೆಟ್ಟಿಗೆಯನ್ನೇ ಹೊತ್ತು ತಂದ.

"ಇದರಲ್ಲಿ ಕಂಪ್ಯೂಟರ್ ಎಲ್ಲಿದೆಯಯ್ಯಾ?" ಅಂದೆ ನಾನು.

"ನಂಗೇನು ಗೊತ್ತು? ನಿಮ್ ಭಾವ ಹುಡುಕ್ತಾರೆ," ಅಂದ.

ಭಾವ ಯಾರನ್ನೂ ವಾಪಸ್ ಕಳಿಸಲಿಲ್ಲ. ರಿಮೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಸೆಟ್ಟಿಂಗು" ಅಂದರು. ಮೇಷ್ಟ್ರು ತಲೆದೂಗಿದರು. ಇಡೀ ಲೋಕ ನಡೆಯುತ್ತಿರುವುದು ಇಂಥ ತಲೆದೂಗುವವರಿಂದ ಅಂತ ನನಗೆ ಅವತ್ತು ಖಾತ್ರಿಯಾಯಿತು.

ಮರುದಿನ ಭಾವ ಜೇಬಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಹೊರಟರು. ಸಾಫ್ಟ್‌ವೇರ್ ಹಾಕುವುದಕ್ಕೆ ಸ್ಕ್ರೂಡ್ರೈವರ್ ಯಾಕೆ ಎಂದು ಕೇಳಿದೆ. "ಧೈರ್ಯಕ್ಕೆ" ಅಂದರು.

ಮೊದಲು ಲೆಕ್ಕದ ಮೇಡಂ ಕಂಪ್ಯೂಟರು. ಅದು ವಿಂಡೋಸ್. ಭಾವ ಕರೆಗಂಟೆಯ ಗುಂಡಿ ಒತ್ತಿದರು. ಕಂಪ್ಯೂಟರು, ಅದಕ್ಕೆ ಮೊದಲು ನಾನು ಅಪ್‌ಡೇಟ್ ಆಗಬೇಕು ಅಂದಿತು. ಭಾವ ಆಗು ಅಂದರು. ಪರದೆ ನೀಲಿಯಾಯಿತು, ನಡುವೆ ಒಂದು ಉಂಗುರ ಸುತ್ತತೊಡಗಿತು. ಆಫ್ ಮಾಡಬೇಡಿ ಎಂದು ಬರೆದಿತ್ತು. ಮೇಡಂ ತುಂಬು ಬಸುರಿ. ಬಿಲ್ಲು ಬರೆಯುವುದು ಅರ್ಧಕ್ಕೆ ನಿಂತು ಹೊಟ್ಟೆಯ ಮೇಲೆ ಕೈಕಟ್ಟಿ ಕೂತರು.

"ಎಷ್ಟೊತ್ತಾಗತ್ತೆ ಇದು?"

"ಈಗ ಆಗತ್ತೆ ಮೇಡಂ."

ಮಧ್ಯಾಹ್ನವಾದರೂ ಉಂಗುರ ಸುತ್ತುತ್ತಲೇ ಇತ್ತು. "ನನ್ನ ಹೆರಿಗೆಗೆ ಮುಂಚೆ ಆಗತ್ತಾ?" ಅಂದರು ಮೇಡಂ.

ಆ ಉಂಗುರವನ್ನು ಸುತ್ತಲು ಬಿಟ್ಟು ಯಜಮಾನರ ಕೋಣೆಗೆ ಹೋದೆವು. ಹಳೆಯದರ ಪಕ್ಕದಲ್ಲೇ ಹೊಸದಾಗಿ ತಂದ ಆಪಲ್ ಲ್ಯಾಪ್‌ಟಾಪು. ಅದರಲ್ಲಿ ಎಲ್ಲ ಬೇರೆ. ಗುಂಡಿ ಒತ್ತುವ ಕೆಲಸವಿಲ್ಲ; ಚಿತ್ರವನ್ನು ಹಿಡಿದು ಎಳೆದು ಒಂದು ಕಡೆ ಹಾಕಬೇಕು. ಎಲ್ಲಿ ಹಾಕಬೇಕೆಂದು ಬಾಣದ ಗುರುತಿತ್ತು. ಭಾವ ಬಾಣ ನೋಡಲಿಲ್ಲ. ಕೆಳಗೆ ಮೂಲೆಯಲ್ಲಿ ಬುಟ್ಟಿಯ ಚಿತ್ರ ಕಂಡಿತು. ಫ್ಯಾಕ್ಟರಿಯಲ್ಲಿ ಬಂದ ಸಾಮಾನೆಲ್ಲ ಬುಟ್ಟಿಗೇ ಹಾಕುವ ಅಭ್ಯಾಸ. ಕರೆಗಂಟೆಯನ್ನು ಎಳೆದು ಅದಕ್ಕೇ ಹಾಕಿದರು. ಕಾಗದ ಮುದುಡಿದಂಥ ಚಂದದ ಶಬ್ದ ಬಂತು.

"ಕೇಳಿದ್ಯಾ? ಕೂತ್ಕೊಳ್ತು," ಅಂದರು.

ಕಸದಬುಟ್ಟಿಯಲ್ಲಿ ಕೂತಿತ್ತು, ಪಾಪ.

ಕನ್ನಡಕನದು ಮೂರನೇ ಜಾತಿ, ಲಿನಕ್ಸ್. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಇರುವೆ ಸಾಲಿನ ಹಾಗೆ ಓಡುತ್ತಿತ್ತು. "ನನ್ನದಕ್ಕೆ ನಿಮ್ಮ ಕೈ ತಾಗಬಾರದು. ನಾನೇ ಹಾಕ್ಕೋತೀನಿ. ಇದಕ್ಕೆ ಮುಂಚೆ ಇನ್ನೊಂದು ಹಾಕ್ಬೇಕು, ಅದಕ್ಕೆ ಮುಂಚೆ ಮತ್ತೊಂದು," ಎಂದು ಮುಖ್ಯಮಂತ್ರಿಯ ಹಾಗೆ ಭಾಷಣ ಮಾಡಿದ. ಭಾವ ಆ ಕಪ್ಪು ಪರದೆ ನೋಡಿ, "ಪ್ಲಗ್ಗು ಸರಿ ಇದೆಯಾ?" ಅಂದರು. ಕನ್ನಡಕ ಎರಡು ದಿನ ನಮ್ಮ ಜೊತೆ ಮಾತಾಡಲಿಲ್ಲ.

ಕೊನೆಗೆ ಸ್ಟೋರು. ಅಲ್ಲಿ ಸ್ಪ್ರಿಂಗು, ಫೋಮು, ದಾರ ಕಾಯುವವರು ಗೊಣಗಜ್ಜ. ಅವರ ಕಂಪ್ಯೂಟರು ಎಷ್ಟು ಹಳೆಯದೆಂದರೆ ಶುರುವಾಗುವಾಗ ಅದೂ ಅಜ್ಜನ ಹಾಗೆ ಕೆಮ್ಮುತ್ತಿತ್ತು. ಕರೆಗಂಟೆ ಹಾಕಹೋದರೆ ಪರದೆಯ ಮೇಲೆ ಬಂತು: ನಿಮ್ಮದು ತೀರಾ ಹಳೆಯದಾಗಿದೆ, ಇನ್ನು ಬೆಂಬಲ ಇರುವುದಿಲ್ಲ.

ಗೊಣಗಜ್ಜ ಎದ್ದು ನಿಂತರು. "ಯಾರಯ್ಯಾ ಇದನ್ನ ಬರೆಸಿದ್ದು? ಯಜಮಾನ್ರಾ? ನೇರ ಹೇಳೋಕಾಗಲ್ವಾ?"

"ನಿಮಗಲ್ಲ ಅಜ್ಜ, ಕಂಪ್ಯೂಟ್ರಿಗೆ."

"ಇಲ್ಲಿ ಕೂತಿರೋನು ನಾನು, ಕಂಪ್ಯೂಟ್ರಿಗೆ ಯಾಕೆ ಹೇಳ್ತಾರೆ?"

ಅಜ್ಜನನ್ನು ಸಮಾಧಾನ ಮಾಡಲು ಭಾವ ಎಲ್ಲೆಲ್ಲೋ ಹುಡುಕಿ ಕರೆಗಂಟೆಯ ಹಳೆಯ ಆವೃತ್ತಿ ತಂದು ಹಾಕಿದರು. ಆಮೇಲೆ, ಅಜ್ಜನೊಬ್ಬರಿಗೇ ಹಳೆಯದಾದರೆ ಅವರ ಮನಸ್ಸಿಗೆ ನೋವಾಗುತ್ತದೆಂದು, ಯಜಮಾನರು ಮನೆಗೆ ಒಯ್ದಿದ್ದ ಲ್ಯಾಪ್‌ಟಾಪು ಬಿಟ್ಟು ಎಲ್ಲರ ಕಂಪ್ಯೂಟರಿಗೂ ಹಳೆಯದನ್ನೇ ಹಾಕಿದರು. ಹೊಲಿಗೆ ಹಾಲಿನ ಹುಡುಗಿಯರ ಹತ್ತಿರವಿದ್ದ ಟ್ಯಾಬ್ಲೆಟಿಗೂ ಅದನ್ನೇ. ಇಂಥ ನ್ಯಾಯ ನಾನು ಬೇರೆಲ್ಲೂ ಕಂಡಿಲ್ಲ.

ಈಗ ಅಸಲು ಕಥೆ. ಹಾಕಿದ ಕಡೆಯೆಲ್ಲ ಕರೆಗಂಟೆ ಒಂದೇ ಪ್ರಶ್ನೆ ಕೇಳಿತು: ಮೊಬೈಲ್ ನಂಬರ್? ಭಾವ ಎಲ್ಲ ಕಡೆಯೂ ಡಿಸ್ಪ್ಯಾಚ್ ಹೆಸರಿನಲ್ಲಿದ್ದ ತಮ್ಮ ನಂಬರನ್ನೇ ಹೊಡೆದರು. ಎಲ್ಲ ಕಂಪ್ಯೂಟರೂ "ಸ್ವಾಗತ, ಡಿಸ್ಪ್ಯಾಚ್" ಅಂದವು.

"ಭಾವ, ಎಲ್ಲದಕ್ಕೂ ನಿಮ್ಮದೇ ಕೊಟ್ರೆ ಹೇಗೆ?"

"ಲೋ, ಲಾರಿ ಬಂದಾಗ ನಾನಿಲ್ಲದಿದ್ರೆ ನೀನು ಯಾರ ಸಹಿ ಹಾಕ್ತೀಯ?"

"ನಿಮ್ಮದು."

"ಗೇಟಿನವನು?"

"ನಿಮ್ಮದೇ."

"ಮತ್ತೆ? ಯಾರು ಹಾಕಿದ್ರೂ ನನ್ನ ಸಹಿ, ಹೆಚ್ಚುಕಮ್ಮಿ ಆದ್ರೆ ನನ್ನ ತಲೆ. ಇದೂ ಹಾಗೇನೇ."

ನಮ್ಮ ಲೋಡಿಂಗ್ ಕಟ್ಟೆಯ ಕಾನೂನು ಅದು. ನನಗೂ ಸರಿಯೆನಿಸಿತು. ನನ್ನ ಬಲಗೈಗೆ ನನ್ನ ಸಹಿಗಿಂತ ಭಾವನ ಸಹಿಯೇ ಚೆನ್ನಾಗಿ ಬರುತ್ತದೆ.

ನೀವು ನಂಬಬೇಕು, ಕರೆಗಂಟೆ ನಡೆಯಿತು! ಎಲ್ಲರೂ ಒಂದೇ ಹೆಸರಿನಲ್ಲಿ ಬರೆದರೂ ಯಾರು ಬರೆದದ್ದೆಂದು ಬೈಗುಳದಿಂದಲೇ ಗೊತ್ತಾಗುತ್ತಿತ್ತು. ನಮಗದು ಹಾದಿಬೀದಿಯ ಗೋಡೆಯಿದ್ದ ಹಾಗೆ; ಗೋಡೆ ಯಾರದೆಂದು ಯಾರು ಕೇಳುತ್ತಾರೆ? ಲಾರಿಗಳು ಹೊತ್ತಿಗೆ ಸರಿಯಾಗಿ ಹೊರಟವು. ಭಾವ ಖಾಲಿ ಬಿದ್ದಿದ್ದ ಮ್ಯಾನೇಜರ್ ಕೋಣೆಯ ಮುಂದೆ ಕಾರಣವಿಲ್ಲದೆ ಓಡಾಡತೊಡಗಿದರು.

ಒಂದೇ ತೊಂದರೆ. ಯಜಮಾನರಿಗೆ ಏನೂ ಬರುತ್ತಿರಲಿಲ್ಲ. ಅವರು ಗಂಟಲಿಗೆ ಶಾಲು ಸುತ್ತಿಕೊಂಡು ಮನೆಯಲ್ಲಿದ್ದರು. ಲ್ಯಾಪ್‌ಟಾಪಿನಲ್ಲಿ ಕರೆಗಂಟೆ ಕಾಣದೆ ಹೋದಾಗ ಆ ಭಾಮೈದ ಅವರ ಫೋನಿಗೆ ಹೊಚ್ಚಹೊಸ ಆವೃತ್ತಿ ಹಾಕಿ, ಅವರದೇ ನಂಬರಿನಲ್ಲಿ ತೆರೆದುಕೊಟ್ಟಿದ್ದ. ಹೊಸದಕ್ಕೂ ಹಳೆಯದಕ್ಕೂ ಮಾತುಕತೆ ಇರಲಿಲ್ಲ. ಪಾಲಾದ ಅಣ್ಣತಮ್ಮಂದಿರ ಹಾಗೆ. ಭಾಮೈದ ನಗುತ್ತ ಹೇಳಿದನಂತೆ, "ನೋಡಿದ್ರಾ ಭಾವ, ಅವನು ಏನೂ ಹಾಕಿಲ್ಲ. ಎಲ್ರಿಗೂ ಅಪ್‌ಡೇಟ್ ಒತ್ತೋಕೆ ಹೇಳ್ತೀನಿ, ಬಂಡವಾಳ ಬಯಲಾಗತ್ತೆ."

ಹೇಳಿದ. ನಾವು ಒತ್ತಿದೆವು. ಮೇಡಂ ಕಂಪ್ಯೂಟರಿನಲ್ಲಿ ಉಂಗುರ ಸುತ್ತಿತು. ಕನ್ನಡಕ ಇರುವೆಗಳನ್ನು ಓಡಿಸಿದ. ಗೊಣಗಜ್ಜನ ಯಂತ್ರ ದಿನವಿಡೀ ನರಳಿ ಹೇಗೋ ಮೇಲೆದ್ದಿತು. ಆಮೇಲೆ ಅದರಲ್ಲಿ ಸ್ಟೋರಿನ ಲೆಕ್ಕ ತೆರೆಯಲೇ ಇಲ್ಲ, ಕರೆಗಂಟೆ ಮಾತ್ರ ತೆರೆಯುತ್ತಿತ್ತು. ಎಲ್ಲ ಮುಗಿದದ್ದೇ ತಡ, ಅಷ್ಟು ದಿನ ನಾವು ಬರೆದದ್ದೆಲ್ಲ ಕಟ್ಟೆ ಒಡೆದ ಹಾಗೆ ಯಜಮಾನರ ಫೋನಿಗೆ ಸುರಿಯಿತು. ಅವರ ಕಣ್ಣಿಗೆ ಕಂಡದ್ದು ಹೀಗೆ:

ಡಿಸ್ಪ್ಯಾಚ್: ದೊಡ್ಡ ಸ್ಪ್ರಿಂಗ್ ಬಂತಾ?

ಡಿಸ್ಪ್ಯಾಚ್: ಬಂದಿಲ್ಲ.

ಡಿಸ್ಪ್ಯಾಚ್: ಯಾಕೆ ಬಂದಿಲ್ಲ?

ಡಿಸ್ಪ್ಯಾಚ್: ನನ್ನನ್ನ ಕೇಳಿದ್ರೆ? ನಾನೇನು ಸ್ಪ್ರಿಂಗ್ ಹಡೀತೀನಾ?

ಡಿಸ್ಪ್ಯಾಚ್: ವಯಸ್ಸಾದವರು ಅಂತ ಸುಮ್ನಿದೀನಿ.

ಡಿಸ್ಪ್ಯಾಚ್: ಇಬ್ರೂ ಬಾಯಿ ಮುಚ್ಚಿ. ನಾನಿಲ್ಲಿ ಹೂ ಬಿಡಿಸ್ತಿದೀನಿ.

ಯಜಮಾನರು ಹೆಂಡತಿಯನ್ನು ಕರೆದು ತೋರಿಸಿದರು. ಅಮ್ಮನವರು ಕನ್ನಡಕ ಹಾಕಿಕೊಂಡು ಮುಂದಕ್ಕೆ ಓದಿದರು. ಯಜಮಾನರಿಗೆಂದೇ ಬೇರೆಯಾಗಿ ಕಳಿಸಿದ ಅರ್ಜಿಗಳೂ ಇದ್ದವು.

ಡಿಸ್ಪ್ಯಾಚ್: ಸಾರ್, ನನ್ನ ಮದುವೆ ಗೊತ್ತಾಗಿದೆ. ಹುಡುಗ ಒಳ್ಳೆಯವನು. ಎರಡು ದಿನ ರಜೆ ಬೇಕು.

ಡಿಸ್ಪ್ಯಾಚ್: ಸಾರ್, ನನಗೆ ತಿಂಗಳು ತುಂಬ್ತಾ ಬಂತು. ಮೆಟ್ಟಿಲು ಹತ್ತೋಕಾಗ್ತಿಲ್ಲ. ಹೆರಿಗೆ ರಜೆ ಕೊಡಿ.

ಡಿಸ್ಪ್ಯಾಚ್: ಸಾರ್, ನನಗೆ ಅರವತ್ತು ದಾಟಿತು. ಮೊಮ್ಮಕ್ಕಳ ಜೊತೆ ಇರೋಣ ಅಂತ.

"ಅಯ್ಯೋ, ಒಂದೇ ವಾರದಲ್ಲಾ!" ಅಂದರಂತೆ ಅಮ್ಮನವರು.

ಯಜಮಾನರು ನಗುತ್ತಿದ್ದರೋ ಏನೋ. ಆದರೆ ಅದರ ಕೆಳಗೆ ಇನ್ನೊಂದಿತ್ತು: "ಯಜಮಾನರ ಗಂಟಲು ಕೆಟ್ಟಿದ್ದೇ ಒಳ್ಳೇದಾಯ್ತು. ಈಗ ಫ್ಯಾಕ್ಟರಿ ಫ್ಯಾಕ್ಟರಿ ಥರ ಇದೆ." ಅದರ ಕೆಳಗೆ ಡಿಸ್ಪ್ಯಾಚೇ "ಹೌದು ಹೌದು" ಅಂದಿತ್ತು. ಮತ್ತೆ ಡಿಸ್ಪ್ಯಾಚೇ ನಗುವ ಮುಖ ಹಾಕಿತ್ತು.

ಅದನ್ನು ಓದಿ ಯಜಮಾನರು ಒಂದು ಕೂಗು ಹಾಕಿದರು. ಇದ್ದ ಪಿಸುಮಾತೂ ಹೋಯಿತು.

ಮಧ್ಯಾಹ್ನ ಕಾರು ಬಂತು. ಯಜಮಾನರು, ಭಾಮೈದ, ಜೊತೆಗೆ ಡಾಕ್ಟರು. ಭಾವನಿಗೆ ಬುಲಾವ್. ಅವರು ತಲೆ ಬಾಚಿಕೊಂಡರು. ಕುರ್ಚಿ ಸಿಗುತ್ತದೆಂದೇ ಅಂದುಕೊಂಡಿದ್ದರು. ನಾನೂ ಹಿಂದೆಯೇ ಹೋದೆ, ಯಾರೂ ಕರೆದಿರಲಿಲ್ಲ.

ಡಾಕ್ಟರು ಭಾವನನ್ನು ಕಿಟಕಿಯ ಹತ್ತಿರ ಕೂರಿಸಿದರು. ಅವರು ಗಂಟಲಿನ ಡಾಕ್ಟರು. ಭಾವನ ತಲೆ ಸರಿಯಿದೆಯೇ ಎಂದು ನೋಡುವುದಕ್ಕೆ ಬೇರೆ ಯಾರೂ ಸಿಕ್ಕಿರಲಿಲ್ಲ. "ಆ ಅನ್ನಿ" ಅಂದರು. ಭಾವ "ಆ" ಅಂದರು. "ರಾತ್ರಿ ನಿಮ್ಮ ಜೊತೆ ನೀವೇ ಮಾತಾಡ್ಕೋತೀರಾ?" ಅಂದರು. "ಇಲ್ಲ ಡಾಕ್ಟ್ರೆ, ನಮ್ಮನೇಲಿ ನನಗೆ ಅವಕಾಶ ಸಿಗಲ್ಲ," ಅಂದರು ಭಾವ.

ಡಾಕ್ಟರು ಟಾರ್ಚ್ ಆರಿಸಿ, "ಇವರು ಗಟ್ಟಿಮುಟ್ಟಾಗಿದ್ದಾರೆ. ಬಸುರಿನ ಲಕ್ಷಣ ಯಾವುದೂ ಕಾಣಲ್ಲ," ಎಂದು ಗಂಭೀರವಾಗಿ ವರದಿ ಕೊಟ್ಟರು.

ಭಾಮೈದ ಫೋನು ಹಿಡಿದು ವಕೀಲನ ಹಾಗೆ ಮುಂದೆ ಬಂದ. ಗಂಟಲಿನ ವಿಷಯ ಬರೆದದ್ದನ್ನು ತೋರಿಸಿದ. "ಇದನ್ನ ಬರೆದಿದ್ದು ಯಾರು?"

ಬರೆದದ್ದು ಗೊಣಗಜ್ಜ. ಅದು ನನಗೂ ಗೊತ್ತು, ಭಾವನಿಗೂ ಗೊತ್ತು. ನಾನು ಬಾಯಿ ತೆರೆದೆ. ಭಾವ ನನ್ನ ಕಾಲು ತುಳಿದರು.

"ಯಾರ ಹೆಸರಿದೆ ಸಾರ್?"

"ನಿಂದು."

 ಕುರ್ಚಿ ಹೋಯಿತೆಂದು ಭಾವನಿಗೆ ಆಗಲೇ ಅರ್ಥವಾಗಿತ್ತು. ಹೇಳಿಬಿಟ್ಟರೆ ಅಜ್ಜನ ಕೆಲಸ ಹೋಗುತ್ತದೆ, ಹೇಳದಿದ್ದರೆ ತಮ್ಮದು.

"ಹಾಗಾದ್ರೆ ನಂದೇ ಸಾರ್," ಅಂದರು.

"ಮದುವೆ ಗೊತ್ತಾಗಿರೋದು?"

"ಹೆಸರು ನಂದೇ ಇದ್ರೆ... ನಂದೇ."

"ತಿಂಗಳು ತುಂಬಿರೋದು?"

ಭಾವ ಒಮ್ಮೆ ತಮ್ಮ ಹೊಟ್ಟೆ ನೋಡಿಕೊಂಡರು. ಡಾಕ್ಟರ ಮುಖ ನೋಡಿದರು. ಡಾಕ್ಟರು ಇಲ್ಲವೆಂದು ತಲೆಯಾಡಿಸಿದರು.

"ಅದೂ ನಂದೇ ಸಾರ್," ಅಂದರು ಭಾವ. "ನನ್ನ ಹೆಸರಲ್ಲಿ ಏನು ಬಂದ್ರೂ ನಾನೇ ಇಳಿಸ್ಕೋಬೇಕು. ಕಟ್ಟೇಲಿ ಹಾಗೇನೇ ನಡ್ಕೊಂಡು ಬಂದಿದೆ."

ನನಗೆ ಸಿಟ್ಟು ಬಂತು, ಅಳುವೂ ಬಂತು. ಎರಡೂ ಒಟ್ಟಿಗೆ ಬಂದರೆ ಮನುಷ್ಯ ಮಂಗನ ಹಾಗೆ ಕಾಣುತ್ತಾನೆ.

ಯಜಮಾನರು ಅವರನ್ನೇ ನೋಡುತ್ತಿದ್ದರು. ಆಮೇಲೆ ಭಾಮೈದನ ಕಡೆ ತಿರುಗಿ, ಕಾಗದದ ಮೇಲೆ ಬರೆದು ಹಿಡಿದರು: "ಅಪ್‌ಡೇಟ್ ಒತ್ತಿಸಿದ್ದು ಯಾರು? ಸ್ಟೋರಿನ ಲೆಕ್ಕ ಎಲ್ಲಿ ಹೋಯ್ತು?"

ಭಾಮೈದ ಅಂಗಿಯ ತೋಳು ಸರಿಮಾಡಿಕೊಂಡ. "ಅದು ಸಾಫ್ಟ್‌ವೇರ್ ತಪ್ಪು ಭಾವ. ನನಗೂ ಅದಕ್ಕೂ ಸಂಬಂಧ ಇಲ್ಲ. ಆ ಕಂಪ್ಯೂಟ್ರು ಹಳೇದು. ಆ ಅಜ್ಜನೂ ಹಳೇದು."

ಯಜಮಾನರ ಹೆಗಲು ಕುಲುಕತೊಡಗಿತು. ಕೆಮ್ಮೆಂದು ಡಾಕ್ಟರು ಓಡಿದರು. ಕೆಮ್ಮಲ್ಲ, ನಗು. ಶಬ್ದವಿಲ್ಲದ ನಗು, ಕಣ್ಣಲ್ಲಿ ನೀರು ಬಂತು. ಕಣ್ಣೊರೆಸಿಕೊಂಡು ತಮ್ಮ ಫೋನು ತೆಗೆದರು. ಬರವಣಿಗೆಯಲ್ಲಿರಲೆಂದು ಕರೆಗಂಟೆಯಲ್ಲೇ, ಡಿಸ್ಪ್ಯಾಚ್ ಹೆಸರಿಗೆ ಕಳಿಸಿದರು: "ಇವತ್ತಿಂದ ನೀನೇ ಮ್ಯಾನೇಜರ್. ಕಾಯಂ."

ಭಾವನ ಜೇಬು ಟಿಂಗ್ ಅಂದಿತು. ಕೆಳಗೆ ಲೆಕ್ಕದ ಕೋಣೆ ಟಿಂಗ್ ಅಂದಿತು. ಸ್ಟೋರು ಟಿಂಗ್ ಅಂದಿತು. ಹೊಲಿಗೆ ಹಾಲು ಟಿಂಗ್ ಅಂದಿತು, ಆಮೇಲೆ ಕಿರುಚಿತು.

ಭಾವ ಜೇಬಿನಿಂದ ಫೋನು ತೆಗೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದು. ಮೊದಲು ಬಂದವರು ಗೊಣಗಜ್ಜ. "ಹಳೇದು ಅಂತ ಬರೆಸಿದ್ದಕ್ಕೆ ಪ್ರಾಯಶ್ಚಿತ್ತ ಮಾಡ್ಕೊಂಡ್ರಿ, ಬಿಡಿ," ಎಂದು ಯಜಮಾನರ ಕೈ ಹಿಡಿದರು. ಹಿಂದೆ ಹೊಟ್ಟೆ ಹಿಡಿದುಕೊಂಡು ಮೇಡಂ, "ಸಾರ್, ರಜೆ ಮುಗಿಸಿ ಬಂದು ಚಾರ್ಜ್ ತಗೋತೀನಿ." ಕನ್ನಡಕ, "ನನ್ನ ಸಿಸ್ಟಮ್ ಮಾತ್ರ ನಾನು ಬದಲಾಯಿಸಲ್ಲ." ಹೊಲಿಗೆ ಹಾಲಿನ ಹುಡುಗಿಯರು ತಮ್ಮಲ್ಲಿ ಯಾರೆಂದು ಜಗಳವಾಡುತ್ತಲೇ ಹತ್ತಿದರು.

ಯಜಮಾನರು ಎರಡೂ ಕೈ ಎತ್ತಿ ಬೀಸಿದರು. ಆಶೀರ್ವಾದವೆಂದು ಎಲ್ಲರೂ ಬಗ್ಗಿದರು. ಗಾಬರಿಯಾಗಿ ಅವರು ಫೋನು ಹಿಡಿದು ಮತ್ತೆ ಬರೆದರು: "ನೀನಲ್ಲ. ಅವನು."

ಎಲ್ಲ ಕಡೆ ಟಿಂಗ್. ಟ್ಯಾಬ್ಲೆಟ್ ಹಿಡಿದು ಬಂದಿದ್ದ ಹುಡುಗಿ ಗಟ್ಟಿಯಾಗಿ ಓದಿದಳು. ಒಬ್ಬೊಬ್ಬರ ಮುಖವೂ ಇಳಿಯಿತು. ಎಲ್ಲರಿಗಿಂತ ಹೆಚ್ಚು ಇಳಿದದ್ದು ಭಾವನ ಮುಖ. ಅವರ ಫೋನಿಗೆ ಅದು ಅವರದೇ ಹೆಸರಿಗೆ ಬಂದಿತ್ತಲ್ಲ. ಭಾಮೈದ ಮಾತ್ರ ಎದೆಯುಬ್ಬಿಸಿದ. 'ಅವನು' ಅಂದರೆ ತಾನೇ ಅಂತ.

 ಭಾವ ಫೋನಿನಲ್ಲಿ ಏನೋ ಒತ್ತಿ, ಮೆಟ್ಟಿಲಿಳಿದು ಕಟ್ಟೆಗೆ ಹೋಗಿ, ಅರ್ಧ ತುಂಬಿದ ಲಾರಿಗೆ ಹಾಸಿಗೆ ಎತ್ತತೊಡಗಿದರು. ಯಜಮಾನರು ಶಾಲು ಎಳೆದಾಡುತ್ತ ಅವರ ಹಿಂದೆಯೇ ಇಳಿದರು. ಕಂಕುಳಿಗೆ ಕೈಹಾಕಿ ಹಿಡಿದು, ಫ್ಯಾಕ್ಟರಿಯ ನಡುವೆ ದರದರ ಎಳೆದುಕೊಂಡು ಬಂದು, ಮ್ಯಾನೇಜರ್ ಕೋಣೆಯ ಕದ ಒದ್ದು, ಭಾವನ ಹೆಗಲು ಹಿಡಿದು ಕುರ್ಚಿಯ ಮೇಲೆ ಒತ್ತಿ ಕೂರಿಸಿದರು.

"ತಪ್ಪಾಯ್ತು ಸಾರ್, ಬಿಟ್ಬಿಡಿ ಸಾರ್," ಅನ್ನುತ್ತಿದ್ದರು ಭಾವ.

"ಭಾವ! ಅದು ಮ್ಯಾನೇಜರ್ ಕುರ್ಚಿ!" ಎಂದು ನಾನು ಅರಚಿದೆ.

ಯಜಮಾನರು ನನ್ನತ್ತ ಬೆರಳು ತೋರಿಸಿ, ಹೌದು ಹೌದೆಂದು ತಲೆಯಾಡಿಸಿದರು. ಕದದ ಹತ್ತಿರ ನಿಂತಿದ್ದ ಭಾಮೈದನ ಎದೆ ಗಾಳಿ ಹೋದ ಹಾಸಿಗೆಯಾಯಿತು. ನನ್ನ ಜೀವನದಲ್ಲಿ ಓದಿದವನೊಬ್ಬನ ಮುಖ ನೋಡಿ ಅಷ್ಟು ತೃಪ್ತಿ ನನಗೆ ಯಾವತ್ತೂ ಆಗಿಲ್ಲ.

ಭಾವ ಕುರ್ಚಿಯ ಕೈ ಸವರಿ, "ನಿಮ್ಮಕ್ಕನಿಗೆ ಹೇಳೋ," ಅಂದರು. ಕಣ್ಣು ತುಂಬಿತ್ತು. ನಾನು ಫೋನು ಮಾಡಿದೆ.

"ಅಕ್ಕ, ಭಾವ ಮ್ಯಾನೇಜರ್ ಆದ್ರು!"

 ಆ ಕಡೆ ಯಾರೋ ಹೆಂಗಸರು ಮೂಗು ಸೀಟುವ ಸದ್ದು.

"ಏನು ಮನುಷ್ಯರೋ ನೀವು? ಈಗ ತಾನೇ ಅವರು ಕೆಲಸ ಹೋಯ್ತು ಅಂತ ಬರೆದು ಕಳಿಸಿದ್ರು. ನಾನು ಬಾಗಿಲಲ್ಲಿ ಕೂತು ಗೋಳೋ ಅಂತ ಅತ್ತೆ. ಇಡೀ ಬೀದಿ ಇಲ್ಲಿದೆ. ಮೇಷ್ಟ್ರು ಬಂದು ಅವರೂ ಅತ್ರು. ಪಕ್ಕದ ಮನೆಯವರು ಅನ್ನ ಸಾರು ತಂದಿಟ್ಟಿದಾರೆ. ಈಗ ಕೆಲಸ ಹೋಗಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಮತ್ತೇನು ಮಾಡೋದು?"

ಅಕ್ಕ ದನಿ ತಗ್ಗಿಸಿದಳು. "ಒಂದು ನಾಲ್ಕು ದಿನ ಮನೇಲೇ ಇರೋಕೆ ಹೇಳು. ಮುಖ ಸ್ವಲ್ಪ ಬಾಡಿಸ್ಕೊಂಡು ಬರಲಿ. ಆಮೇಲೆ ನಿಧಾನಕ್ಕೆ ಮ್ಯಾನೇಜರ್ ಆದ್ರಾಯ್ತು."

ನಾನು ಹೇಳಿದೆ. ಭಾವ ಯೋಚಿಸಿದರು. ಯಜಮಾನರ ಮುಂದೆ ಎದ್ದು ನಿಂತು, ಕಾಯಂ ಮ್ಯಾನೇಜರಾಗಿ ತಮ್ಮ ಮೊದಲ ಮಾತಾಡಿದರು.

"ಸಾರ್, ನಾಲ್ಕು ದಿನ ರಜೆ ಬೇಕಿತ್ತು."